ಅಣ್ಣನ ಕಣ್ಣಿನ ಬಳೆ

ನಮ್ಮಣ್ಣ ನಾಗೇಶನ ಕಣ್ಣಿನಲ್ಲಿ ಬಂಗಾರದ ಬಳೆ ಇತ್ತು. ಇದು ಹೊಗಳಿಕೆಯ ಮಾತಲ್ಲ, ಕಣ್ಣಾರೆ ಕಂಡದ್ದು. ಅವನು ಬಿಸಿಲಿಗೆ ಮುಖ ಕೊಟ್ಟು ನಿಂತರೆ ಕಪ್ಪು ಗುಡ್ಡೆಯ ಅಂಚಿನಲ್ಲಿ ಕಂದು ಹಳದಿಯ ತೆಳ್ಳನೆಯ ಗೆರೆಯೊಂದು ಸುತ್ತಲೂ ಹೊಳೆಯುತ್ತಿತ್ತು. ಬೇರೆಯವರ ಮನೆಯಲ್ಲಾಗಿದ್ದರೆ ಯಾರೂ ಗಮನಿಸುತ್ತಿರಲಿಲ್ಲವೇನೋ. ನಮ್ಮದು ನಾಗಮಂಗಲದಲ್ಲಿ ಕಂಚಿನ ವಿಗ್ರಹ ಎರಕ ಹೊಯ್ಯುವ ವಿಶ್ವಕರ್ಮರ ಮನೆ. ಲೋಹದ ಬಣ್ಣ ನೋಡಿಯೇ ಇದರಲ್ಲಿ ತಾಮ್ರ ಎಷ್ಟು, ತವರ ಎಷ್ಟು ಎಂದು ಹೇಳುವ ಜನ ನಾವು. ಅಂಥವರ ಕಣ್ಣಿಗೆ ಅದು ಬೀಳದೆ ಇರುತ್ತದೆಯೆ? ಮೊದಲು ಅವ್ವ ನೋಡಿದಳು, ಆಮೇಲೆ ಅಪ್ಪ ನೋಡಿದ, ಆಮೇಲೆ ಇಡೀ ಬೀದಿ ನೋಡಿತು.

“ದೇವ್ರೇ ಕಣ್ಣಿಗೆ ಬಳೆ ತೊಡ್ಸಿ ಕಳ್ಸವ್ನೆ,” ಎಂದು ಅವ್ವ ಬಂದವರಿಗೆಲ್ಲ ತೋರಿಸುತ್ತಿದ್ದಳು. ಅಣ್ಣ ನಾಚಿಕೊಂಡು ತಲೆ ಬಗ್ಗಿಸುತ್ತಿದ್ದ. ಅವಳು ಅವನ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸುತ್ತಿದ್ದಳು.

ಅದೇ ಬಳೆ ನನ್ನ ಕಣ್ಣಲ್ಲೂ ಬಂತು. ಅದು ಬಂಗಾರವಲ್ಲ, ತಾಮ್ರ. ಮೈಯಿಂದ ಹೊರಗೆ ಹೋಗಬೇಕಾಗಿದ್ದ ತಾಮ್ರ ಹೋಗದೆ ಒಳಗೇ ಕೂಡಿಕೊಳ್ಳುವ ಈ ಕಾಯಿಲೆಗೆ ವಿಲ್ಸನ್ ಎಂದು ಹೆಸರು. ನನಗೀಗ ಇಪ್ಪತ್ತೊಂಬತ್ತು. ಮಾತ್ರೆ ನುಂಗುತ್ತೇನೆ, ಕೆಲಸ ಮಾಡುತ್ತೇನೆ, ಈ ಸಾಲುಗಳನ್ನು ನನ್ನ ಕೈಯಲ್ಲೇ ಬರೆಯುತ್ತಿದ್ದೇನೆ. ಓದುತ್ತಿರುವವರು ಯಾವುದಾದರೂ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದರೆ, ಸ್ವಲ್ಪ ಸರಿದು ಜಾಗ ಕೊಡಿ. ಪಕ್ಕದಲ್ಲಿ ಕೂತು ಹೇಳುತ್ತೇನೆ.

ಎರಕದಿಂದ ತೆಗೆದು, ಅರ ಹಾಕಿ, ಹೊಳಪು ಕೊಟ್ಟ ಮೇಲೂ ನಮ್ಮ ವಿಗ್ರಹಗಳಿಗೆ ಕಣ್ಣು ಇರುವುದಿಲ್ಲ. ಆ ಜಾಗ ಬರಿ ನುಣ್ಣಗೆ ಇರುತ್ತದೆ. ಕಣ್ಣು ತೆಗೆಯುವುದಕ್ಕೆ, ಅಂದರೆ ಕಣ್ಣು ಬರೆದು ತೆರೆಸುವುದಕ್ಕೆ, ಬೇರೆ ದಿನ ಗೊತ್ತುಮಾಡುತ್ತೇವೆ. ಅವತ್ತು ಉಪವಾಸವಿದ್ದು, ಸುತ್ತ ಪರದೆ ಕಟ್ಟಿ, ವಿಗ್ರಹದ ಎದುರಿಗೆ ಕನ್ನಡಿ ಇಟ್ಟು, ಸಣ್ಣ ಉಳಿಯಿಂದ ಮೊದಲು ಬಲಗಣ್ಣು, ಆಮೇಲೆ ಎಡಗಣ್ಣು ಬರೆಯಬೇಕು. ದೇವರ ಮೊದಲ ನೋಟ ಮನುಷ್ಯರ ಮೇಲೆ ಬೀಳಬಾರದು, ಕನ್ನಡಿಯಲ್ಲಿ ತನ್ನನ್ನು ತಾನೇ ನೋಡಿಕೊಳ್ಳಬೇಕು. ಇದು ಮನೆಯ ಹಿರಿಯ ಮಾಡುವ ಕೆಲಸ. ಆದರೆ ಕೆ.ಆರ್.ಪೇಟೆ ಕಡೆಯ ಒಂದು ಊರಿನ ಗ್ರಾಮದೇವತೆ ಅಮ್ಮನ ಉತ್ಸವಮೂರ್ತಿಗೆ ಅಪ್ಪ ತಾನು ಕೂರದೆ ಇಪ್ಪತ್ತು ವರ್ಷದ ನಾಗೇಶಣ್ಣನನ್ನು ಕೂರಿಸಿದ.

“ಬಳೆ ತೊಟ್ಟಿರೋ ಕಣ್ಣು ಅವನ್ದು. ಅಮ್ಮನ ಕಣ್ಣ ಅವನೇ ತೆಗೀಲಿ,” ಎಂದ.

ಪರದೆಯೊಳಗೆ ಅಪ್ಪ, ಅಣ್ಣ ಇಬ್ಬರೇ. ಬಲಗಣ್ಣು ಚೆನ್ನಾಗಿ ಬಂತಂತೆ. ಎಡಗಣ್ಣಿನ ಕೊನೆಯಲ್ಲಿ ಉಳಿ ಜಾರಿ, ಕೂದಲೆಳೆಯಷ್ಟು ಗೆರೆ ಕೆನ್ನೆಯ ಕಡೆಗೆ ಇಳಿಯಿತು. ಅಪ್ಪ ಆದಷ್ಟು ತಿಕ್ಕಿ ಸರಿಮಾಡಿದ. ಊರಿನವರು ಏನೂ ಅನ್ನದೆ ಮೂರ್ತಿ ಹೊತ್ತುಕೊಂಡು ಹೋದರು. ಅದಾಗಿ ಒಂದು ತಿಂಗಳಿಗೆ ಅಣ್ಣನ ಕೈ ಎಲ್ಲರಿಗೂ ಕಾಣುವಂತೆ ನಡುಗತೊಡಗಿತು. ಮಾತು ತೊದಲಿತು. ಆಮೇಲೆ ಕಾಮಾಲೆ ಬಂತು, ಹೊಟ್ಟೆ ಉಬ್ಬಿತು. ನಾಟಿ ಔಷಧಿ ಕೊಟ್ಟೆವು, ಎರಡು ಮೂರು ಕಡೆ ಡಾಕ್ಟರಿಗೂ ತೋರಿಸಿದೆವು. ಕಾಮಾಲೆ ಎಂದರು, ಕುಡಿತಾನಾ ಎಂದು ಕೇಳಿದರು. ಕಣ್ಣನ್ನು ಯಾರೂ ನೋಡಲಿಲ್ಲ. ತಾಮ್ರದ ಚೊಂಬಿನಲ್ಲಿ ಇಟ್ಟ ನೀರು ಕಾಮಾಲೆಗೆ ಒಳ್ಳೆಯದು ಎಂದು ಯಾರೋ ಹೇಳಿದರು. ಅವ್ವ ದಿನಾ ಬೆಳಗ್ಗೆ ಬರಿಹೊಟ್ಟೆಗೆ ಆ ಚೊಂಬನ್ನು ಅವನ ಬಾಯಿಗೆ ಹಿಡಿಯುತ್ತಿದ್ದಳು.

ಇಪ್ಪತ್ತೊಂದಕ್ಕೆ ಅಣ್ಣ ಹೋದ. ಆಗ ನನಗೆ ಹದಿಮೂರು, ತಂಗಿ ಸುಧಾಗೆ ಆರು. ಅಮ್ಮನ ಕಣ್ಣು ಕೆಡಿಸಿದ್ದಕ್ಕೆ ಅಮ್ಮ ಕೈ ಕಿತ್ತುಕೊಂಡಳು ಎಂದು ಬೀದಿ ತೀರ್ಮಾನ ಮಾಡಿತು. ಅಪ್ಪ ಹೌದು ಎನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ. ಅವತ್ತಿನಿಂದ ಟೀ ಕುಡಿಯುವುದನ್ನು ಬಿಟ್ಟ. ದಿನಕ್ಕೆ ಆರು ಲೋಟ ಕುಡಿಯುತ್ತಿದ್ದ ಮನುಷ್ಯ. ಮಗನ ದುಃಖಕ್ಕೆ ಬಿಟ್ಟಿದ್ದಾನೆ ಎಂದುಕೊಂಡೆವು. ಇನ್ನೆಂದೂ ಈ ಮನೆಯ ಮಕ್ಕಳು ಕಣ್ಣು ತೆಗೆಯಬಾರದು ಎಂದೂ ಹೇಳಿದ.

ಇಪ್ಪತ್ತಾರಕ್ಕೆ ನನ್ನ ಬಲಗೈ ನನ್ನ ಮಾತು ಕೇಳುವುದನ್ನು ನಿಲ್ಲಿಸಿತು. ಪ್ರಭಾವಳಿಯ ಮೇಲೆ ಬಳ್ಳಿ ಬರೆಯುತ್ತಿದ್ದೆ, ಎಲೆಯ ತುದಿಯಲ್ಲಿ ಉಳಿ ಕುಣಿಯಿತು. ಮೊದಲ ದಿನ ನಿದ್ದೆ ಕಮ್ಮಿ ಎಂದುಕೊಂಡೆ. ವಾರ ಕಳೆದ ಮೇಲೆ ಹಾಗೆ ಅಂದುಕೊಳ್ಳುವುದಕ್ಕೂ ಧೈರ್ಯ ಬರಲಿಲ್ಲ. ಮೊಣಕೈಯನ್ನು ಹಲಗೆಗೆ ಒತ್ತಿಹಿಡಿದು ಕೆಲಸ ಮಾಡುವುದನ್ನು ಕಲಿತೆ. ಅಪ್ಪ ಮಧ್ಯಾಹ್ನ ಮಲಗಿದಾಗ ಮಾತ್ರ ಸೂಕ್ಷ್ಮದ ಕೆಲಸಕ್ಕೆ ಕೂರುತ್ತಿದ್ದೆ. ಈ ಕಳ್ಳಾಟಗಳೆಲ್ಲ ನನಗೆ ಮೊದಲೇ ಗೊತ್ತಿದ್ದವು. ಎಲ್ಲಿ ಕಲಿತೆ ಎಂಬುದನ್ನು ಆಮೇಲೆ ಹೇಳುತ್ತೇನೆ.

ನನ್ನನ್ನು ಹೆದರಿಸಿದ್ದು ಒಂದೇ ವಿಷಯ. ನಾನು ಯಾವ ದೇವರ ಕಣ್ಣನ್ನೂ ಕೆಡಿಸಿರಲಿಲ್ಲ. ತೆಗೆದೇ ಇರಲಿಲ್ಲ. ಹಾಗಾದರೆ ಇದು ಯಾಕೆ ಬಂತು? ಮಾತು ತೊದಲುವುದಕ್ಕೆ ಶುರುವಾದಾಗ ಬಸ್‌ಸ್ಟ್ಯಾಂಡಿನ ಗೆಳೆಯರು, “ಏನ್ಲಾ ಮಂಜ, ಬೆಳಿಗ್ಗೇನೇ ಏರುಸ್ಬುಟ್ಟಿದ್ದೀಯಾ?” ಎಂದು ನಕ್ಕರು. ನಾನೂ ನಕ್ಕೆ. ಕುಡುಕ ಅನ್ನಿಸಿಕೊಳ್ಳುವುದು ಎಷ್ಟೋ ವಾಸಿ ಅನ್ನಿಸಿತ್ತು.

ನನ್ನನ್ನು ಹಿಡಿದವಳು ಸುಧಾ. ಆಗ ಅವಳು ಮಂಡ್ಯಕ್ಕೆ ಬಸ್ಸಿನಲ್ಲಿ ಓಡಾಡಿಕೊಂಡು ಡಿಗ್ರಿ ಓದುತ್ತಿದ್ದಳು. ನಾನು ಬರೆದಿಟ್ಟ ಸಾಮಾನಿನ ಚೀಟಿಯನ್ನು ತಂದು ನನ್ನ ಮುಂದೆ ಹಿಡಿದಳು.

“ಅಣ್ಣ, ನಿನ್ ಅಕ್ಷರ ನೋಡು. ಮೊದುಲ್ನೇ ಸಾಲು ನೆಟ್ಗದೆ. ಕೊನೇ ಸಾಲು ಸಾಸ್ವೆ ಕಾಳಿನಂಗೆ ಆಗೋಗದೆ.”

“ಪೆನ್ನು ಸರಿಯಿಲ್ಲ.”

“ಲೋಟನೂ ಸರಿಯಿಲ್ವಾ? ದಿನಾ ಅರ್ಧ ಲೋಟ ಅಂಗಿ ಮೇಲೆ ಚೆಲ್ಕೊತೀಯ. ನಡಿ, ನಾಳೆ ಮೈಸೂರಿಗೋಗಾನ.”

ಮೈಸೂರಿನಲ್ಲಿ ಒಬ್ಬ ವಯಸ್ಸಾದ ಡಾಕ್ಟರು ನನ್ನ ಕೈ ಚಾಚಿಸಿ, ಮೂಗು ಮುಟ್ಟಿಸಿ, ನಾಲಗೆ ಹೊರಳಿಸಿ, ಏನೂ ಹೇಳದೆ ಕಣ್ಣಿನ ವಿಭಾಗಕ್ಕೆ ಚೀಟಿ ಬರೆದರು. ಕೈಗೂ ಕಣ್ಣಿಗೂ ಏನು ಸಂಬಂಧ ಎಂದು ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಅಲ್ಲಿದ್ದ ಡಾಕ್ಟರಮ್ಮ ಸಣ್ಣ ವಯಸ್ಸಿನವರು. ಗದ್ದವನ್ನು ಒಂದು ಯಂತ್ರದ ಮೇಲೆ ಇಡಿಸಿ, ಕಣ್ಣಿಗೆ ದಾರದಷ್ಟು ಬೆಳಕು ಬಿಟ್ಟು ನೋಡಿದರು. ಆಮೇಲೆ ಪಕ್ಕದ ಕೋಣೆಯಿಂದ ಇಬ್ಬರನ್ನು ಕರೆದರು.

“ಬನ್ನಿ ಇಲ್ಲಿ, ಎಷ್ಟು ಚೆನ್ನಾಗಿ ಕಾಣುತ್ತೆ ನೋಡಿ,” ಎಂದುಬಿಟ್ಟು, ತಕ್ಷಣ ನನ್ನ ಮುಖ ನೋಡಿ ಪೇಚಾಡಿಕೊಂಡರು. “ಸಾರಿ, ನಾನು ಹಾಗನ್ನಬಾರದಿತ್ತು.”

ನನ್ನ ಗದ್ದ ಇನ್ನೂ ಯಂತ್ರದ ಮೇಲೇ ಇತ್ತು. “ಬಂಗಾರದ ಬಳೆ ಥರ ಇದೆಯಾ ಮೇಡಂ?” ಎಂದು ಕೇಳಿದೆ. ಅಣ್ಣ ಹೋದ ಮೇಲೆ ಮನೆಯಲ್ಲಿ ಯಾರೂ ಯಾರ ಕಣ್ಣನ್ನೂ ಬೆಳಕಿಗೆ ತಿರುಗಿಸಿ ನೋಡಿರಲಿಲ್ಲ.

“ನಿಮಗೆ ಹೇಗೆ ಗೊತ್ತು?”

“ನಮ್ಮಣ್ಣನಿಗಿತ್ತು.”

“ಅಣ್ಣ ಈಗ ಹೇಗಿದ್ದಾರೆ?”

ಆ ಪ್ರಶ್ನೆಗೆ ಸುಧಾ ಉತ್ತರ ಕೊಟ್ಟಳು. ಅವ್ವ ಗದ್ದ ಹಿಡಿದು ಬೆಳಕಿಗೆ ತಿರುಗಿಸುತ್ತಿದ್ದ ಆ ಮುಖ ನನ್ನ ಕಣ್ಣ ಮುಂದೆ ಬಂದು ನಿಂತಿತ್ತು. ಅಷ್ಟು ವರ್ಷ ನಾವೆಲ್ಲ ಬೆರಳು ತೋರಿಸಿ ಸಂತೋಷಪಟ್ಟದ್ದು ಅವನ ಕಾಯಿಲೆಯನ್ನು. ಅದು ನಮಗೆ ಕಾಣದೆ ಹೋಗಿದ್ದರೆ ಬೇರೆ ಮಾತು. ಕಂಡಿತ್ತು, ಎಲ್ಲರಿಗಿಂತ ಚೆನ್ನಾಗಿ ಕಂಡಿತ್ತು.

ಅಲ್ಲಿಂದ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕಳಿಸಿದರು. ಅಲ್ಲಿ ಕಾಯುವುದೇ ಒಂದು ಉದ್ಯೋಗ. ರಕ್ತಕ್ಕೆ ಒಂದು ಸಾಲು, ಸ್ಕ್ಯಾನಿಗೆ ಒಂದು ಸಾಲು. ಇಪ್ಪತ್ತನಾಲ್ಕು ಗಂಟೆಯ ಮೂತ್ರವನ್ನು ಒಂದು ಪ್ಲಾಸ್ಟಿಕ್ ಕ್ಯಾನಿನಲ್ಲಿ ಹಿಡಿದು ತರಬೇಕು, ಅದರಲ್ಲಿ ಎಷ್ಟು ತಾಮ್ರ ಇದೆ ಎಂದು ನೋಡುತ್ತಾರೆ. ಹೆಂಡದ ಕ್ಯಾನು ಹೊತ್ತವನ ಹಾಗೆ ಅದನ್ನು ಟವಲಿನಲ್ಲಿ ಸುತ್ತಿಕೊಂಡು ಬೆಂಚಿನ ಮೇಲೆ ಕೂತಿದ್ದೆ. ಪಕ್ಕದಲ್ಲಿದ್ದ ಬಿಳಿಗಡ್ಡದ ಮುದುಕರೊಬ್ಬರು ಅದನ್ನೇ ನೋಡುತ್ತಿದ್ದರು.

“ತಾಮ್ರ ಕಾಯ್ಲೇನಾ ಬೇಟಾ?” ಎಂದರು.

ಅವರು ಶ್ರೀರಂಗಪಟ್ಟಣದ ಗಂಜಾಂನವರು, ಇಬ್ರಾಹಿಂ ಸಾಹೇಬರು. ಮಗಳನ್ನು ತೋರಿಸಲು ಬಂದಿದ್ದರು. ಅವಳು ಕಿಟಕಿಯ ಹತ್ತಿರ ನಿಂತು ಫೋನಿನಲ್ಲಿ ಯಾರನ್ನೋ ಗದರಿಸುತ್ತಿದ್ದಳು. ಒಂದು ಕಾಲದಲ್ಲಿ ಮಾತೇ ನಿಂತುಹೋಗಿತ್ತಂತೆ.

“ಈಗ ನೋಡು, ನಿಲ್ಸು ಅಂದ್ರೂ ನಿಲ್ಸಲ್ಲ,” ಎಂದು ನಕ್ಕರು. ಆಮೇಲೆ ದನಿ ತಗ್ಗಿಸಿದರು. “ನಂಗೆ ನಾಕು ಮಕ್ಳು. ಇವ್ಳಿಗೆ ಬಂದ್ಮೇಲೆ ಡಾಕ್ಟ್ರು ಎಲ್ರನ್ನೂ ಚೆಕ್ ಮಾಡ್ಸಿ ಅಂದ್ರು. ಚಿಕ್ಕೋನಿಗೂ ಇತ್ತು. ಏನೂ ತೊಂದ್ರೆ ಇರ್ಲಿಲ್ಲ ಅವ್ನಿಗೆ, ಕುಸ್ತಿ ಆಡೋನು. ಆಗ್ಲೇ ಮಾತ್ರೆ ಶುರು ಮಾಡುದ್ರು. ಇವತ್ತಿಗೂ ಏನೂ ಆಗಿಲ್ಲ, ಲಾರಿ ಓಡುಸ್ತಾನೆ. ನಿಮ್ ಮನೇಲಿ ತಮ್ಮ ತಂಗಿ ಅವ್ರಾ?”

ಸುಧಾ ಟೋಕನ್ ಹಿಡಿದು ಕೌಂಟರಿನ ಸಾಲಿನಲ್ಲಿ ನಿಂತಿದ್ದಳು. ನಾನು ಅವಳ ಕಡೆ ಕೈ ತೋರಿಸಿದೆ. ಮುದುಕರು ಅವಳನ್ನು ನೋಡಿ, ನನ್ನ ನಡುಗುವ ಕೈ ಮೇಲೆ ತಮ್ಮ ಕೈ ಇಟ್ಟು, “ಬಿಡ್ಬ್ಯಾಡ ಬೇಟಾ,” ಎಂದಷ್ಟೇ ಹೇಳಿದರು. ಅವತ್ತಿನಿಂದ ನನ್ನ ಕಾಯಿಲೆ ನನಗೆ ಎರಡನೆಯದಾಯಿತು.

ಡಾಕ್ಟರು ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಬರೆಯುತ್ತೇನೆ. ಎಲ್ಲರ ಊಟದಲ್ಲೂ ಚೂರು ತಾಮ್ರ ಇರುತ್ತದೆ. ಹೆಚ್ಚಿಗೆಯಾದದ್ದನ್ನು ಹೊರಗೆ ತಳ್ಳುವ ಪಂಪು ಲಿವರಿನಲ್ಲಿದೆ. ಆ ಪಂಪನ್ನು ಹೇಗೆ ಮಾಡಬೇಕೆಂಬ ಜೀನು ಪ್ರತಿಯೊಬ್ಬರಲ್ಲೂ ಎರಡು ಪ್ರತಿ, ಅಪ್ಪನಿಂದ ಒಂದು, ಅವ್ವನಿಂದ ಒಂದು. ಒಂದು ಸರಿಯಿದ್ದರೂ ಸಾಕು. ನನಗೆ ಎರಡೂ ಕೆಟ್ಟಿವೆ. ನಮ್ಮ ಕಸುಬಿನಿಂದ, ಕುಲುಮೆಯ ಹೊಗೆಯಿಂದ ಬಂತೇ ಎಂದು ಕೇಳಿದೆ. “ನೀವು ಬಟ್ಟೆ ಅಂಗಡಿ ಇಟ್ಟಿದ್ದರೂ ಬರುತ್ತಿತ್ತು,” ಎಂದರು. ಅಪ್ಪ ಅಮ್ಮ ಸಂಬಂಧದಲ್ಲಿ ಮದುವೆಯಾದವರೇ ಎಂದು ಕೇಳಿದರು. ಅವ್ವ ಅಪ್ಪನ ಅಕ್ಕನ ಮಗಳು ಎಂದೆ. ಅವರು ಬರೆದುಕೊಂಡರು.

ಈಗಿರುವ ಮಾತ್ರೆಗಳು ಪಂಪನ್ನು ರಿಪೇರಿ ಮಾಡುವುದಿಲ್ಲ, ತುಂಬಿದ್ದನ್ನು ಮೊಗೆದು ಹಾಕುತ್ತವೆ, ಅಷ್ಟೆ. ಆದ್ದರಿಂದ ಬದುಕಿರುವವರೆಗೂ ಮೊಗೆಯುತ್ತಲೇ ಇರಬೇಕು. ಆದರೆ ಸರಿಯಾದ ಜೀನನ್ನೇ, ರೋಗ ತರದಂತೆ ಪಳಗಿಸಿದ ವೈರಸ್ಸಿನೊಳಗೆ ಇಟ್ಟು ಲಿವರಿಗೆ ಕಳಿಸುವ ಪ್ರಯತ್ನ ಹೊರದೇಶಗಳಲ್ಲಿ ನಡೆದಿದೆಯಂತೆ. “ಅಂದುಕೊಂಡಷ್ಟು ಸುಲಭವಾಗಿಲ್ಲ. ಎಲ್ಲ ಕಡೆಯೂ ಗೆದ್ದಿಲ್ಲ. ನಾಳೆ ಬರುತ್ತದೆ ಎಂದು ಇವತ್ತಿನ ಮಾತ್ರೆ ಬಿಡಬೇಡಿ,” ಎಂದರು. ಹುಸಿ ಆಸೆ ಕೊಡದ ಆ ಮನುಷ್ಯರ ಮೇಲೆ ನನಗೆ ಈಗಲೂ ಗೌರವ.

ಮಾತ್ರೆ ಶುರುವಾದ ಮೇಲೆ ವಾಸಿಯಾಗುತ್ತದೆ ಎಂದುಕೊಂಡಿದ್ದೆ. ಇನ್ನೂ ಕೆಟ್ಟಿತು. ಹೀಗಾಗಬಹುದು ಎಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು, ಮೂಲೆಯಲ್ಲಿ ಕೂತಿದ್ದ ತಾಮ್ರ ಎದ್ದು ಹೊರಗೆ ಹೋಗುವಾಗ ಗಲಾಟೆ ಮಾಡುತ್ತದೆ ಎಂದಿದ್ದರು. ಗಲಾಟೆ ಎಂಬುದು ಬಹಳ ಸಣ್ಣ ಮಾತು. ಎರಡು ತಿಂಗಳು ಅಂಗಿಯ ಗುಂಡಿ ಹಾಕಿಕೊಳ್ಳಲಾಗಲಿಲ್ಲ. ಮಾತು ನಿಂತಿತು, ಜೊಲ್ಲು ಸುರಿಯುತ್ತಿತ್ತು. ಡಾಕ್ಟರು ಮಾತ್ರೆ ತಗ್ಗಿಸಿ, ಮತ್ತೆ ಇಷ್ಟಿಷ್ಟೇ ಏರಿಸಿದರು. ಎಲ್ಲಕ್ಕಿಂತ ಕೆಟ್ಟದ್ದೆಂದರೆ ನನ್ನ ಮುಖದ ಮೇಲೆ ಒಂದು ನಗು ಬಂದು ಕೂತಿತ್ತು. ನಾನು ನಗುತ್ತಿರಲಿಲ್ಲ, ತುಟಿ ತಾನಾಗಿ ತೆರೆದುಕೊಂಡಿರುತ್ತಿತ್ತು. ಕೊನೆಯ ದಿನಗಳಲ್ಲಿ ನಾಗೇಶಣ್ಣನ ಮುಖದಲ್ಲಿ ಇದ್ದದ್ದು ಅದೇ ನಗು. ಸಾಯುವಾಗಲೂ ಮಗ ನಗುನಗುತ್ತಾ ಹೋದ ಎಂದು ಅವ್ವ ಹೇಳಿಕೊಳ್ಳುತ್ತಿದ್ದಳು.

ಒಂದು ದಿನ ಬೆಳಗ್ಗೆ ಅವ್ವ ನನಗೆ ಗಂಜಿ ತಿನ್ನಿಸುತ್ತಿದ್ದವಳು, “ಇನ್ನೊಂದ್ ತುತ್ತು ನಾಗೇಶ,” ಎಂದಳು. ಅಂದದ್ದು ಅವಳಿಗೆ ಗೊತ್ತಾಗಲಿಲ್ಲ. ನಾನು ಬಾಯಿ ತೆರೆದೆ. ಗೋಡೆಯ ಕನ್ನಡಿಯಲ್ಲಿ ಅವನು ಗಂಜಿ ಉಣ್ಣುತ್ತಿದ್ದ. ಆಮೇಲೆ ಬಹಳ ದಿನ ಕನ್ನಡಿಗೆ ಟವಲು ಹಾಕಿಸಿದ್ದೆ.

ನಾಲ್ಕನೆಯ ತಿಂಗಳಿಗೆ ಗುಂಡಿ ನನ್ನ ಕೈಗೆ ಬಂತು. ಮಾತು ಮರಳಿತು. ಮಾತು ಮರಳಿದ ಮೇಲೆ ನಾನು ಆಡಿದ ಮೊದಲ ದೊಡ್ಡ ಮಾತು ಸುಧಾಳ ಪರೀಕ್ಷೆಯದು. ಅಪ್ಪ ಜಗಲಿಯ ಮೇಲೆ ಮೇಣದಲ್ಲಿ ಒಂದು ವಿಗ್ರಹದ ತೋಳು ತಿದ್ದುತ್ತಾ ಕೂತಿದ್ದ.

“ಸುಧನ್ನೂ ಬೆಂಗ್ಳೂರಲ್ಲಿ ತೋರುಸ್ಬೇಕು ಅಪ್ಪ. ಅವ್ಳಿಗೂ ಇರ್ಬೋದು. ಈಗ್ಲೇ ಗೊತ್ತಾದ್ರೆ ಅವ್ಳಿಗೆ ಏನೂ ಆಗಕಿಲ್ಲ.”

“ಅವ್ಳಿಗೇನಾಗದೆ? ಕಲ್ಲಂಗವ್ಳೆ. ಕಣ್ಣಲ್ಲಿ ಬಳೆ ಐತಾ? ಇಲ್ವಲ್ಲ.”

“ಬಳೆ ಬರಕ್ಕೆ ಮುಂಚೆ ಇಡೀಬೇಕು ಅಂತ್ಲೇ ಏಳ್ತಿರೋದು.”

“ನಾಳೆ ಮದ್ವೆ ಆಗೋ ಎಣ್ಣು. ಇಲ್ದಿರೋ ಕಾಯ್ಲೆ ಎಸ್ರ ಅವ್ಳಿಗ್ಯಾಕ್ಲಾ ಅಂಟುಸ್ತೀಯ? ಅಮ್ಮನ ಮುನಿಸು ನಾಗೇಶನ್ನ ತಕ್ಕೊಂತು, ನಿನ್ನೂ ಮುಟ್ತು. ಅಲ್ಲಿಗೆ ಸಾಕು.”

ಬಾಗಿಲಲ್ಲಿ ನಿಂತಿದ್ದ ಸುಧಾ, “ಅಪ್ಪ ಬ್ಯಾಡ ಅಂದ್ಮೇಲೆ ಬುಡಣ್ಣ,” ಎಂದಳು. ನನ್ನನ್ನು ಮೈಸೂರಿಗೆ ಎಳೆದುಕೊಂಡು ಹೋದವಳು ಅವಳು. ಈಗ ಅಪ್ಪನ ಬ್ಯಾಡದ ಹಿಂದೆ ಅಡಗಿ ನಿಂತಿದ್ದಳು. ಅವಳಿಗೆ ಭಯವಾಗಿತ್ತು. ನನ್ನ ಎರಡು ತಿಂಗಳನ್ನು ಹತ್ತಿರದಿಂದ ನೋಡಿದವಳಿಗೆ ಭಯವಾಗದೆ ಇನ್ನೇನಾಗುತ್ತದೆ?

ಆಗ ಹದಿನಾಲ್ಕು ವರ್ಷ ನುಂಗಿಕೊಂಡಿದ್ದನ್ನು ಹೇಳಿದೆ.

“ಅಪ್ಪ, ಅಮ್ಮನ ಕಣ್ಣು ತೆಗೆಯಕ್ಕೆ ಮುಂಚೇನೇ ಅಣ್ಣನ ಕೈ ನಡುಗ್ತಿತ್ತು. ನಾಕು ತಿಂಗ್ಳು ಮುಂಚೆ. ಮದ್ಯಾನ ನೀನು ಮಲಗ್ದಾಗ ಅವ್ನ ಕೆಲ್ಸ ನಾನು ಮಾಡ್ತಿದ್ದೆ. ಆ ಅಮ್ಮನ ಸೆರಗಿನ ಗೆರೆ, ಕಾಲ್ಗೆಜ್ಜೆ ಎಲ್ಲಾ ನಂದು. ಅಪ್ಪಂಗೆ ಏಳ್ಬ್ಯಾಡ, ಬೇಜಾರ್ ಮಾಡ್ಕತದೆ ಅಂದಿದ್ದ. ನಾನು ಏಳ್ಲಿಲ್ಲ.”

ಅಪ್ಪನ ಕೈಯಲ್ಲಿ ಮೇಣದ ತೋಳು ಹಾಗೇ ಇತ್ತು. ಬಿಸಿಗೆ ಮೆತ್ತಗಾಗಿ ಬೆರಳಿನ ಗುರುತು ಬೀಳುತ್ತಿತ್ತು.

“ಸುಳ್ಳು. ತಂಗಿಗೋಸ್ಕರ ಇಂಗೆ ಏಳ್ತಿದ್ದೀಯ. ಕೈ ಮುಂಚೇನೇ ನಡುಗ್ತಿದ್ರೆ ಬಲಗಣ್ಣಲ್ಲೂ ಅದು ಕಾಣ್ಬೇಕಾಗಿತ್ತು. ಬಲಗಣ್ಣು ಚೆಂದಾಗಿತ್ತು. ನಾನು ನೋಡಿವ್ನಿ.”

“ಸುಳ್ಳಲ್ಲ ಅಪ್ಪ.”

ಅವನು ಮೇಣದ ತೋಳನ್ನು ಹಲಗೆಯ ಮೇಲೆ ಇಟ್ಟ. ಆಮೇಲೆ ನನ್ನನ್ನು ನೋಡದೆ ಹೇಳಿದ: “ದೇವ್ರ ಮುನಿಸು ಅಂದ್ರೆ ಎಂಗೋ ತಡ್ಕಬೋದು ಕಣ್ಲಾ. ಅದಕ್ಕೆ ಮಾತ್ರೆ ಇತ್ತು ಅಂದ್ರೆ, ತಡ್ಕಳದು ಎಂಗೆ?”

ಅಪ್ಪ ಶಾಪವನ್ನು ನಂಬಿದ್ದು ದಡ್ಡತನದಿಂದ ಎಂದು ಅಷ್ಟು ದಿನ ಒಳಗೊಳಗೇ ಸಿಟ್ಟಾಗಿದ್ದೆ. ಶಾಪ ಅವನಿಗೆ ಆಸರೆಯಾಗಿತ್ತು. ಅದನ್ನು ಕಿತ್ತುಕೊಂಡರೆ ಅವನ ಕೈಯಲ್ಲಿ ಉಳಿಯುವುದು ಉಳಿಸಬಹುದಾಗಿದ್ದ ಮಗ.

ಮೂರನೆಯ ದಿನ ಬೆಳಗ್ಗೆ ಅಪ್ಪ ಬಿಳಿ ಅಂಗಿ ಹಾಕಿಕೊಂಡು, ಭೂತಗನ್ನಡಿಯನ್ನು ಕರ್ಚೀಫಿನಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡ. “ನಡೀರಿ. ನೋಡ್ಕೊಂಡ್ ಬರಾನ,” ಎಂದ. ನಾವು ಮೂವರೂ ಕೆ.ಆರ್.ಪೇಟೆಗೆ ಹೋಗಿ, ಅಲ್ಲಿಂದ ಆಟೋ ಹಿಡಿದು ಆ ಊರಿಗೆ ಹೋದೆವು. ಅಪ್ಪ ಅಷ್ಟು ವರ್ಷದಲ್ಲಿ ಆ ದಿಕ್ಕಿಗೇ ತಲೆ ಹಾಕಿರಲಿಲ್ಲ.

ಪೂಜಾರಿ ಮಧ್ಯವಯಸ್ಸಿನವನು. ಮೂರ್ತಿ ಮಾಡಿದ ಮನೆಯವರು ಎಂದು ಗೊತ್ತಾದ ಕೂಡಲೇ ಗರ್ಭಗುಡಿಯಿಂದ ಉತ್ಸವಮೂರ್ತಿಯನ್ನು ತಂದು ಹೊಸ್ತಿಲ ಒಳಗೆ ಬೆಳಕಿಗೆ ಇಟ್ಟ.

“ನಮ್ಮಮ್ಮನ ಎಡಗಣ್ಣು ಜೀವಂತ ಸ್ವಾಮಿ. ನೋಡಿ, ಕಣ್ಣೀರು ಬರ್ತಾ ಇರೋ ಅಂಗೆ ಐತೆ. ಕಷ್ಟ ಏಳ್ಕೊಳಕ್ಕೆ ಬಂದೋರು ಆ ಕಣ್ಣೇ ನೋಡ್ಕೊಂಡು ಏಳ್ಕೊತಾರೆ,” ಎಂದ.

ಜಾರಿದ ಆ ಗೆರೆ ಹಾಗೇ ಇತ್ತು. ಅರಿಶಿನ ಕುಂಕುಮ ಸೇರಿ ಸ್ವಲ್ಪ ಕಪ್ಪಾಗಿತ್ತು. ಕಾಲ್ಗೆಜ್ಜೆಯ ಸಾಲಿನಲ್ಲಿ ನಾನು ಹನ್ನೆರಡನೆಯ ವಯಸ್ಸಿನಲ್ಲಿ ಮಾಡಿದ ಒಂದು ತಪ್ಪೂ ಕಂಡಿತು, ಒಂದು ಗೆಜ್ಜೆ ದೊಡ್ಡದಾಗಿತ್ತು. ಅಪ್ಪ ಕೈಮುಗಿದು, ಕೂತು, ಭೂತಗನ್ನಡಿ ತೆಗೆದ. ಎಡಗಣ್ಣಿನ ಕಡೆಗೆ ಹೋಗಲೇ ಇಲ್ಲ. ಬಲಗಣ್ಣಿನ ರೆಪ್ಪೆಯ ಗೆರೆಯ ಮೇಲೆ ಗಾಜು ಹಿಡಿದು, ಒಂದು ತುದಿಯಿಂದ ಇನ್ನೊಂದು ತುದಿಗೆ ಮೆಲ್ಲಗೆ ಹೋದ. ಮತ್ತೆ ಮೊದಲಿಂದ ಹೋದ. ಸುಧಾ ನನ್ನ ತೋಳು ಹಿಡಿದುಕೊಂಡಿದ್ದಳು.

“ಒಂದೇ ಎಳ್ತದ್ ಗೆರೆ ಅಲ್ಲ,” ಎಂದ ಅಪ್ಪ. “ತಡ್ದು ತಡ್ದು ಬರ್ದವ್ನೆ. ಉಸ್ರು ಇಡ್ಕಂಡು ಒಂದೊಂದ್ ಚೂರು. ಬಲಗಣ್ಣಲ್ಲೂ ಐತೆ ಕಣ್ಲಾ.” ಗಾಜನ್ನು ಕೆಳಗಿಟ್ಟ. “ಎಷ್ಟ್ ಕಷ್ಟ ಪಟ್ಟವ್ನೆ ನನ್ ಮಗ. ಪಕ್ಕದಲ್ಲೇ ಕೂತಿದ್ನಲ್ಲ ನಾನು.”

ವಾಪಸು ಬರುವಾಗ ಕೆ.ಆರ್.ಪೇಟೆ ಬಸ್‌ಸ್ಟ್ಯಾಂಡಿನ ಹೋಟೆಲಿನ ಮುಂದೆ ಅಪ್ಪ ನಿಂತ. “ಟೀ ಏಳ್ಲಾ,” ಎಂದ. ನಾನೂ ಸುಧಾನೂ ಒಬ್ಬರ ಮುಖ ಒಬ್ಬರು ನೋಡಿದೆವು. ಲೋಟ ಬಂತು. ಅಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದು, ಕುಡಿಯದೆ, ಮಾತಾಡಿದ.

“ಅವತ್ತು ಬೆಳಿಗ್ಗೆ ತಲೆ ಸುತ್ತು ಬಂದಂಗಾಯ್ತು. ಉಪವಾಸ ಇರ್ಬೇಕಾಗಿತ್ತು. ಯಾರ್ಗೂ ಕಾಣ್ದಂಗೆ ಒಂದ್ ಲೋಟ ಟೀ ಕುಡ್ಕಂಡ್ ಬಂದು ಪರ್ದೆ ಒಳಿಕ್ ಕೂತೆ. ನನ್ನಿಂದ್ಲೇ ಮಗ ಓದ ಅನ್ಕಂಡಿದ್ದೆ.”

ಆಮೇಲೆ ಕುಡಿದ. ಅಳುತ್ತಲೇ ಕುಡಿದ, ಬಸ್ಸಿಗೆ ಕಾಯುತ್ತಿದ್ದವರೆಲ್ಲ ನೋಡುತ್ತಿದ್ದರು. ಲೋಟ ಇಟ್ಟು ಬಾಯಿ ಒರೆಸಿಕೊಂಡು, “ಸುಧನ್ನ ಯಾವತ್ತು ಕರ್ಕಂಡೋಗದು?” ಎಂದು ಕೇಳಿದ.

ಸುಧಾಗೂ ಇತ್ತು. ಹೇಳಿಬಿಡುತ್ತೇನೆ, ನಿಮ್ಮನ್ನು ಕಾಯಿಸುವುದಿಲ್ಲ, ನಾವು ಕಾದದ್ದು ಸಾಕು. ಕೈ ನಡುಗುತ್ತಿರಲಿಲ್ಲ, ಕಣ್ಣಲ್ಲಿ ಬಳೆ ಇರಲಿಲ್ಲ, ಆದರೆ ರಕ್ತದಲ್ಲಿ, ಮೂತ್ರದಲ್ಲಿ, ಜೀನಿನಲ್ಲಿ ಇತ್ತು. ಅವಳು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಒಂದು ಗಂಟೆ ಅತ್ತಳು. ಅವಳಿಗೆ ಸತುವಿನ ಮಾತ್ರೆ ಕೊಟ್ಟಿದ್ದಾರೆ, ಊಟದ ತಾಮ್ರ ಮೈಗೆ ಸೇರದಂತೆ ಅದು ತಡೆಯುತ್ತದಂತೆ. ಬಿಡದೆ ತೆಗೆದುಕೊಂಡರೆ ಅವಳ ಕೈ ಅವಳ ಕೈಯಾಗಿಯೇ ಇರುತ್ತದೆ ಎಂದಿದ್ದಾರೆ. ಎರಡು ಪ್ರತಿಯ ವಿಷಯವನ್ನು ಡಾಕ್ಟರು ಅಪ್ಪನಿಗೂ ವಿವರಿಸಿದರು. ಅಪ್ಪ ತನ್ನ ಕಸುಬಿನ ಮೂಲಕ ಅರ್ಥಮಾಡಿಕೊಂಡ.

“ಎರಡು ಅಚ್ಚೂ ಒಂದೇ ಮನೇವು ಆಗೋದ್ವು,” ಎಂದ. ಸ್ವಲ್ಪ ತಡೆದು, “ಅಚ್ಚನ್ನೇ ತಿದ್ದೋ ಔಸ್ತಿ ಬತ್ತದಂತಲ್ಲ ಸ್ವಾಮಿ, ಯಾವಾಗ?” ಎಂದು ಕೇಳಿದ.

“ನನ್ನ ಕಾಲಕ್ಕೆ ಗೊತ್ತಿಲ್ಲ. ಇವರ ಕಾಲಕ್ಕೆ ಬರಬಹುದು,” ಎಂದರು ಡಾಕ್ಟರು. ಅಪ್ಪ ತಲೆಯಾಡಿಸಿದ. ಒಂದು ವಿಗ್ರಹಕ್ಕೆ ವರ್ಷಗಟ್ಟಲೆ ಕಾದವನಿಗೆ ಅದು ಅಂಥ ದೂರದ ಮಾತು ಅನ್ನಿಸಲಿಲ್ಲ.

ಅವ್ವ ಮನೆಯ ತಾಮ್ರದ ಚೊಂಬುಗಳನ್ನೆಲ್ಲ ಅಟ್ಟದ ಮೇಲೆ ಬೋರಲು ಹಾಕಿದ್ದಾಳೆ. ಕೆಲವು ದಿನ ಬೆಳಗ್ಗೆ ನನ್ನ ಹತ್ತಿರ ಬಂದು, “ನಾನು ಕುಡ್ಸುದ್ ನೀರಿಂದ್ಲೇನಾಪ್ಪ?” ಎಂದು ಕೇಳುತ್ತಾಳೆ. ಅಲ್ಲವ್ವ, ಅದರಿಂದ ಬಂದಿದ್ದಲ್ಲ ಎನ್ನುತ್ತೇನೆ. ಅದು ನಿಜ. ಅದರಿಂದ ಒಳ್ಳೆಯದೂ ಆಗಲಿಲ್ಲ ಎಂಬುದನ್ನು ನುಂಗಿಕೊಳ್ಳುತ್ತೇನೆ. ಸರಿ ಎಂದು ಹೋಗುತ್ತಾಳೆ, ಮತ್ತೊಂದು ದಿನ ಬೆಳಗ್ಗೆ ಬಂದು ಅದನ್ನೇ ಕೇಳುತ್ತಾಳೆ. ನಾಗೇಶಣ್ಣ ನಮ್ಮ ಮನೆಯಿಂದ ಹೋಗಿಲ್ಲ. ನನ್ನ ಕನ್ನಡಿಯಲ್ಲಿ ಈಗ ಕಮ್ಮಿ ಬರುತ್ತಾನೆ. ಟವಲು ತೆಗೆದಿದ್ದೇನೆ.

ತಿಂಗಳ ಮೊದಲ ದಿನ ಬೆಳಗ್ಗೆ ನಮ್ಮ ಮನೆಯಲ್ಲಿ ಒಂದು ಕೆಲಸ ನಡೆಯುತ್ತದೆ. ಡಾಕ್ಟರು ಹೇಳಿದ್ದಲ್ಲ. ಆಸ್ಪತ್ರೆಯ ಯಂತ್ರಕ್ಕೆ ಕಾಣುವುದು ಬರಿಗಣ್ಣಿಗೆ ಕಾಣುವುದಿಲ್ಲ ಎಂದು ಹೇಳಿದರೂ ಅಪ್ಪ ಕೇಳುವುದಿಲ್ಲ. ಈಗ ಎಂ.ಎ. ಓದುವ ಸುಧಾ ಕಾಲೇಜಿನ ಚೀಲ ಹೆಗಲಿಗೆ ಹಾಕಿಕೊಂಡು, ಬಸ್ಸು ಹೋಗುತ್ತೆ ಅಪ್ಪ ಎಂದು ಗೊಣಗುತ್ತಾ ಹೊಸ್ತಿಲ ಬಿಸಿಲಿನಲ್ಲಿ ನಿಲ್ಲುತ್ತಾಳೆ. ಅಪ್ಪ ಅವಳ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸುತ್ತಾನೆ. ಭೂತಗನ್ನಡಿಯಿಟ್ಟು ಮೊದಲು ಬಲಗಣ್ಣು ನೋಡುತ್ತಾನೆ, ಆಮೇಲೆ ಎಡಗಣ್ಣು. ಅವ್ವ ಒಲೆಯ ಮುಂದೆ ಕೈ ನಿಲ್ಲಿಸಿರುತ್ತಾಳೆ. ನಾನು ಉಳಿ ಕೆಳಗಿಟ್ಟಿರುತ್ತೇನೆ.

“ಏನಿಲ್ಲ ಕಣವ್ವ,” ಎನ್ನುತ್ತಾನೆ ಅಪ್ಪ. “ಬರೀ ಕಣ್ಣು.”